ಮಿಕ್ಸರಿನೊಳಗೆ ಮೆಟ್ಟಿಲುಗಳಿಲ್ಲ

ಡಿಜಿಟಲ್ ಧ್ವನಿ ಅಂದರೇನು ಅಂತ ಯಾರಾದರೂ ವಿವರಿಸಲು ಕೂತರೆ, ಬರೆಯುವ ಚಿತ್ರ ಹೆಚ್ಚಾಗಿ ಒಂದೇ. ಎಡಗಡೆ ನುಣುಪಾದ ಅಲೆ, ಅದರ ಕೆಳಗೆ 'ಅನಲಾಗ್' ಅನ್ನುವ ಹೆಸರು. ಬಲಗಡೆ ಅದೇ ಅಲೆ ಮೆಟ್ಟಿಲು ಮೆಟ್ಟಿಲಾಗಿ, ಕೆಳಗೆ 'ಡಿಜಿಟಲ್'. ಇಷ್ಟು ನೋಡಿದವರಿಗೆ ಮುಂದಿನದನ್ನು ಹೇಳಿಕೊಡಬೇಕಾಗಿಲ್ಲ. ಡಿಜಿಟಲ್ ಮಿಕ್ಸರ್ (ಮೈಕು, ವಾದ್ಯಗಳ ಧ್ವನಿಯನ್ನು ಕೂಡಿಸಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆ) ಹಾಡನ್ನು ಚೂರು ಚೂರು ಮಾಡುತ್ತದೆ, ಚೂರುಗಳ ನಡುವೆ ಇದ್ದದ್ದು ಕಳೆದುಹೋಗುತ್ತದೆ, ಅದಕ್ಕೇ ಅದರ ಸೌಂಡ್ ಒಣಕಲು ಅನ್ನಿಸುತ್ತದೆ. ವರ್ಷಗಟ್ಟಲೆ ಲೈವ್ ಸೌಂಡ್ ಮಾಡಿದವರೂ ಇದನ್ನೇ ಹೇಳುತ್ತಾರೆ.

ಆ ಚಿತ್ರ ತಪ್ಪು. ಅಲ್ಲಲ್ಲಿ ತಿದ್ದಿದರೆ ಸರಿಹೋಗುವಂಥ ತಪ್ಪಲ್ಲ, ಬುಡದಿಂದಲೇ ತಪ್ಪು.

ಬೇಕಿದ್ದರೆ ಪರೀಕ್ಷೆ ಮಾಡಬಹುದು. ಡಿಜಿಟಲ್ ಮಿಕ್ಸರಿನ ಔಟ್‌ಪುಟ್‌ಗೆ ಆಸಿಲೋಸ್ಕೋಪ್ (ಅಲೆಯ ಆಕಾರವನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಸಿಕ್ಕಿಸಿ, ಇನ್‌ಪುಟ್‌ಗೆ 10 ಕಿಲೋಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 10,000 ಸಲ ಏರಿಳಿಯುವ, ಸೈನ್ ಅಲೆ ಕೊಡಿ. ಮಿಕ್ಸರ್ ಸೆಕೆಂಡಿಗೆ 48,000 ಸಲ ಅಲೆಯ ಎತ್ತರದ ಅಳತೆ ತೆಗೆದುಕೊಳ್ಳುತ್ತಿದೆ ಅಂತಿಟ್ಟುಕೊಳ್ಳಿ. ಆ ಅಲೆಯ ಒಂದು ಸುತ್ತಿಗೆ ಐದು ಅಳತೆಯೂ ಸಿಗುವುದಿಲ್ಲ. ಆದರೂ ಪರದೆಯ ಮೇಲೆ ಬರುವುದು ನುಣುಪಾದ ಸೈನ್ ಅಲೆಯೇ. ಮೆಟ್ಟಿಲಿನ ಸುಳಿವೂ ಇರುವುದಿಲ್ಲ.

ಐದಕ್ಕಿಂತ ಕಡಿಮೆ ಚುಕ್ಕೆಗಳಿಂದ ಇಡೀ ಅಲೆ ಹೇಗೆ ವಾಪಸ್ ಬಂತು? ಹಾಳೆಯ ಮೇಲೆ ಒಂದೇ ಸಾಲಿನಲ್ಲಿರದ ಮೂರು ಚುಕ್ಕೆ ಇಡಿ. ಅವುಗಳನ್ನು ಸೇರಿಸಿ ಗೆರೆ ಎಳೆಯಿರಿ ಅಂದರೆ ಸಾವಿರ ಬಗೆಯಲ್ಲಿ ಎಳೆಯಬಹುದು. ಅವುಗಳನ್ನು ಹಾದುಹೋಗುವ ವೃತ್ತ ಎಳೆಯಿರಿ ಅಂದರೆ? ಒಂದೇ ಒಂದು ವೃತ್ತ ಸಾಧ್ಯ. ಚುಕ್ಕೆಗಳ ನಡುವಿನ ಗೆರೆಯನ್ನು ಯಾರೂ ಅಳೆಯಲಿಲ್ಲ, ಆದರೂ ಏನೂ ಕಳೆದುಹೋಗಲಿಲ್ಲ. ಗೆರೆ ಯಾವ ಜಾತಿಯದು ಅಂತ ಮೊದಲೇ ಗೊತ್ತಿತ್ತು, ಅಷ್ಟೇ. ಧ್ವನಿಯಲ್ಲೂ ಇಂಥದ್ದೊಂದು ಷರತ್ತಿದೆ: ಅಳತೆಯ ವೇಗದ ಅರ್ಧಕ್ಕಿಂತ ಮೇಲಿನ ಕಂಪನ ಅದರಲ್ಲಿ ಇರಬಾರದು. 48,000ದ ಅರ್ಧ 24,000. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಷರತ್ತು ಪಾಲಿಸಿದರೆ ಆ ಚುಕ್ಕೆಗಳ ಮೂಲಕ ಹಾದುಹೋಗುವ ಅಲೆ ಜಗತ್ತಿನಲ್ಲಿ ಒಂದೇ ಇರುತ್ತದೆ. ಅದು ಒಳಗೆ ಬಂದಿದ್ದ ಅಲೆಯೇ.

ಷರತ್ತು ಮುರಿದರೆ ಮಾತ್ರ ಎಡವಟ್ಟು. 30 ಕಿಲೋಹರ್ಟ್ಸ್‌ನ ಧ್ವನಿ ನುಸುಳಿದರೆ ಅದು 18 ಕಿಲೋಹರ್ಟ್ಸ್ ವೇಷ ಹಾಕಿಕೊಂಡು ಹೊರಬರುತ್ತದೆ. ಸಿನಿಮಾದಲ್ಲಿ ಗಾಡಿ ಮುಂದೆ ಓಡುತ್ತಿದ್ದರೂ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೂ ಇದೇ ಲೆಕ್ಕ. ಹಾಗಾಗದಿರಲಿ ಅಂತ ಅಳತೆಗೆ ಮುಂಚೆ ಒಂದು ಫಿಲ್ಟರ್ ಕಾವಲು ಇರುತ್ತದೆ.

"ಸರಿ, ಎರಡು ಅಳತೆಗಳ ನಡುವೆ ಡ್ರಮ್ ಏಟು ಬಿದ್ದರೆ?" ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಏಟು ಕೂದಲೆಳೆಯಷ್ಟು ಮುಂಚೆ ಬಿದ್ದರೂ ಅಕ್ಕಪಕ್ಕದ ಎಲ್ಲ ಅಳತೆಗಳ ಬೆಲೆ ಬದಲಾಗುತ್ತದೆ. ಏಟು ಯಾವಾಗ ಬಿತ್ತು ಅನ್ನುವುದು ಒಂದು ಚುಕ್ಕೆಯಲ್ಲಿಲ್ಲ, ಎಲ್ಲ ಚುಕ್ಕೆಗಳಲ್ಲಿ ಹಂಚಿಕೊಂಡಿದೆ.

ಈ ತಿಳಿವಳಿಕೆ ಸಂಗೀತದಿಂದ ಬಂದದ್ದಲ್ಲ, ತಂತಿ ಮತ್ತು ಫೋನಿನ ಕೆಲಸದಿಂದ ಬಂದದ್ದು. ಇಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಟೆಲಿಗ್ರಾಫ್ ಬಗ್ಗೆ ಬರೆಯುತ್ತಾ ಇದರ ಬೀಜ ಬಿತ್ತಿದರು. 1933ರಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಕೊಟೆಲ್ನಿಕೋವ್, 1949ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಅದನ್ನು ಗಟ್ಟಿ ಪ್ರಮೇಯವಾಗಿ ಬರೆದರು. ಇದರ ನಡುವೆ ಒಂದು ವಿಚಿತ್ರ ಯಂತ್ರವೂ ಬಂದುಹೋಯಿತು. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮತ್ತು ವಾಷಿಂಗ್ಟನ್ ನಡುವೆ ಗುಟ್ಟಾಗಿ ಮಾತಾಡಲು 1943ರಲ್ಲಿ ಸಿಗ್‌ಸ್ಯಾಲಿ ಎಂಬ ವ್ಯವಸ್ಥೆ ಶುರುವಾಯಿತು. ಮಾತನ್ನು ಅಂಕಿಗಳಾಗಿಸಿ, ಅದಕ್ಕೆ ಗೊತ್ತುಗುರಿಯಿಲ್ಲದ ಅಂಕಿಗಳನ್ನು ಕೂಡಿಸಿ ಕಳಿಸುತ್ತಿದ್ದರು. ಆ ಗೊತ್ತುಗುರಿಯಿಲ್ಲದ ಅಂಕಿಗಳು ಬರುತ್ತಿದ್ದದ್ದು ಗ್ರಾಮಫೋನ್ ತಟ್ಟೆಯಿಂದ! ಎರಡೂ ಊರಲ್ಲಿ ಒಂದೇ ಥರದ ತಟ್ಟೆ ಒಂದೇ ಹೊತ್ತಿಗೆ ತಿರುಗಬೇಕಿತ್ತು. ಒಂದೊಂದು ಕೇಂದ್ರದ ಯಂತ್ರ 50 ಟನ್ನಿಗಿಂತ ಜಾಸ್ತಿ ತೂಗುತ್ತಿತ್ತು. ಲಂಡನ್ನಿನದನ್ನು ಸೆಲ್ಫ್‌ರಿಜಸ್ ಅಂಗಡಿಯ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಈಗ ತೋಳಲ್ಲಿ ಎತ್ತಿಕೊಂಡು ಹೋಗುವ 32 ಚಾನೆಲ್ ಮಿಕ್ಸರಿನ ಮುತ್ತಜ್ಜ ಅದು.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಅಳತೆಯ ಬೆಲೆಯನ್ನು ಹತ್ತಿರದ ಅಂಕಿಗೆ ಸರಿಹೊಂದಿಸುತ್ತಾರಲ್ಲ, ಅಲ್ಲಿ ಮೆಟ್ಟಿಲು ಬರುವುದಿಲ್ಲವೇ? ಅಲ್ಲಿ ಹುಟ್ಟುವ ತಪ್ಪು ಸರಿಯಾಗಿ ಮಾಡಿದರೆ ಸಣ್ಣ 'ಹಿಸ್' ಶಬ್ದವಾಗಿ ಉಳಿಯುತ್ತದೆ, ಅಷ್ಟೇ. ಒಂದು ಅಳತೆಯನ್ನು 24 ಬಿಟ್‌ನಲ್ಲಿ, ಅಂದರೆ 24 ಸೊನ್ನೆ-ಒಂದುಗಳಲ್ಲಿ, ಬರೆದರೆ 1,67,77,216 ಹಂತಗಳಿವೆ. ಲೆಕ್ಕದ ಪ್ರಕಾರ ಅತಿ ಜೋರು ಮತ್ತು ಈ ಹಿಸ್ ನಡುವೆ 144 ಡೆಸಿಬೆಲ್ ಅಂತರ. ನಿಜವಾದ ಸರ್ಕ್ಯೂಟುಗಳು 120ರ ಆಸುಪಾಸಿನಲ್ಲಿ ನಿಂತುಬಿಡುತ್ತವೆ, ಯಾಕೆಂದರೆ ಬಿಸಿಯಿಂದ ಕುಣಿಯುವ ಎಲೆಕ್ಟ್ರಾನುಗಳ ಶಬ್ದ ಅದಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಕಡೆಗೂ ಅಡ್ಡ ಬಂದದ್ದು ಅನಲಾಗ್ ಭಾಗವೇ, ನೋಡಿ.

ಹಾಗಾದರೆ ಅನಲಾಗಿನ 'ಬೆಚ್ಚಗಿನ' ಸೌಂಡ್ ಸುಳ್ಳೇ? ಪೂರ್ತಿ ಸುಳ್ಳಲ್ಲ, ವಿಳಾಸ ತಪ್ಪಾಗಿದೆ. ವಾಲ್ವ್ (ಹಳೆಯ ರೇಡಿಯೋಗಳ ಗಾಜಿನ ಕೊಳವೆ), ಟ್ರಾನ್ಸ್‌ಫಾರ್ಮರ್, ಟೇಪ್ ಇವು ಸಿಗ್ನಲ್ ಹೆಚ್ಚಾದಂತೆ ಅಲೆಯ ತುದಿಯನ್ನು ಮೆಲ್ಲಗೆ ಉರುಟಾಗಿಸುತ್ತವೆ. ಕಿವಿಗೆ ಅದು ಹಿತ. ಆದರೆ ಲೈವ್ ಕೆಲಸಕ್ಕೆ ಬಂದ ಅನಲಾಗ್ ಮಿಕ್ಸರುಗಳಲ್ಲಿ ಬಹುಪಾಲು ಇರುವುದು ಸಿಗ್ನಲ್ ಹಿಗ್ಗಿಸುವ ಆಪ್-ಆಂಪ್ ಚಿಪ್ಪುಗಳು. ಅವಕ್ಕೆ 15ರಿಂದ 18 ವೋಲ್ಟ್‌ನ ಪವರ್. ಆ ಗಡಿ ಮುಟ್ಟಿದ ಕೂಡಲೇ ಅಲೆಯ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಡಿಜಿಟಲ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಇನ್ನೊಂದು ವಿಷಯ. ಮೈಕಿನಿಂದ ಬರುವ ಕೆಲವೇ ಮಿಲಿವೋಲ್ಟ್ ಸಿಗ್ನಲ್ಲನ್ನು ಸಾವಿರ ಪಟ್ಟು ಹಿಗ್ಗಿಸುವ ಪ್ರೀಆಂಪ್ ಡಿಜಿಟಲ್ ಮಿಕ್ಸರಿನಲ್ಲೂ ಅನಲಾಗೇ. ಸೌಂಡಿನ ಗುಣ ಹುಡುಕುವವರು ಮೊದಲು ಅಲ್ಲಿ ನೋಡಬೇಕು.

ಹಳೆಯ ಅಭ್ಯಾಸವೊಂದು ಇಲ್ಲಿ ತೊಂದರೆ ಕೊಡುತ್ತದೆ. ಅನಲಾಗಿನಲ್ಲಿ ಹಿಸ್ ಮುಚ್ಚಲು ಗೇನ್ (ಇನ್‌ಪುಟ್ ಅನ್ನು ಹಿಗ್ಗಿಸುವ ಪ್ರಮಾಣ) ಏರಿಸಿ, ಮೀಟರ್ ಕೆಂಪಿನ ಹತ್ತಿರ ಕುಣಿಯುವಂತೆ ಇಡುತ್ತಿದ್ದರು. ಅದೇ ಕೈ ಡಿಜಿಟಲ್ಲಿನಲ್ಲೂ ಗೇನನ್ನು ತುದಿಗೇರಿಸುತ್ತದೆ. ಇಲ್ಲಿ ಸೊನ್ನೆ ಡೆಸಿಬೆಲ್ ಅಂದರೆ ಚಾವಣಿ. ಅದರ ಕೆಳಗೆ 18ರಿಂದ 20 ಡೆಸಿಬೆಲ್ ಜಾಗ ಬಿಟ್ಟರೂ ಹಿಸ್ ಕೇಳಿಸುವುದಿಲ್ಲ. ಇನ್‌ಪುಟ್‌ನಲ್ಲೇ ಚಪ್ಪಟೆಯಾದ ಅಲೆಯನ್ನು ಮಾತ್ರ ಮುಂದೆ ಯಾವ ಫೇಡರ್ (ಸದ್ದಿನ ಮಟ್ಟ ಏರಿಳಿಸುವ ಜಾರುಗುಂಡಿ) ಇಳಿಸಿದರೂ ಸರಿ ಮಾಡಲಾಗುವುದಿಲ್ಲ.

ಇಷ್ಟಾದ ಮೇಲೆ ಎರಡಕ್ಕೂ ನಿಜವಾದ ವ್ಯತ್ಯಾಸ ಎಲ್ಲಿದೆ? ಹೊತ್ತಿನಲ್ಲಿದೆ. ಅನಲಾಗ್ ಮಿಕ್ಸರಿನಲ್ಲಿ ಸಿಗ್ನಲ್ ತಡ ಮಾಡುವುದಿಲ್ಲ ಅಂತಲೇ ಹೇಳಬಹುದು. ಡಿಜಿಟಲ್ಲಿನಲ್ಲಿ ಅಳೆದು, ಲೆಕ್ಕ ಹಾಕಿ, ಮತ್ತೆ ವೋಲ್ಟೇಜ್ ಮಾಡಲು ಸಾಮಾನ್ಯವಾಗಿ ಒಂದೆರಡು ಮಿಲಿಸೆಕೆಂಡ್ ಬೇಕು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ಎರಡು ಮಿಲಿಸೆಕೆಂಡ್ ಅಂದರೆ ಸುಮಾರು 69 ಸೆಂಟಿಮೀಟರ್. ಗಿಟಾರ್ ನುಡಿಸುವವರು ಆಂಪ್‌ನಿಂದ ಒಂದು ಹೆಜ್ಜೆ ಹಿಂದೆ ಸರಿದರೆ ಇಷ್ಟೇ ತಡ. ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಇನ್-ಇಯರ್ (ವೇದಿಕೆಯ ಮೇಲೆ ತಮ್ಮ ದನಿ ಕೇಳಿಸಿಕೊಳ್ಳುವ ಇಯರ್‌ಫೋನ್) ಹಾಕಿಕೊಂಡ ಹಾಡುಗಾರರ ಕಥೆ ಬೇರೆ. ಅವರ ದನಿ ತಲೆಬುರುಡೆಯ ಮೂಲಕ ಕಿವಿಗೆ ಆಗಲೇ ತಲುಪಿರುತ್ತದೆ. ಎರಡು ಮಿಲಿಸೆಕೆಂಡ್ ಬಿಟ್ಟು ಅದೇ ದನಿ ಇಯರ್‌ಫೋನಿನಲ್ಲಿ ಬರುತ್ತದೆ. ಎರಡೂ ಕೂಡಿದಾಗ 250, 750, 1250 ಹರ್ಟ್ಸ್‌ಗಳಲ್ಲಿ ಒಂದರ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಸದ್ದು ತಗ್ಗುತ್ತದೆ, ನಡುನಡುವೆ ಹಿಗ್ಗುತ್ತದೆ. "ನನ್ನ ದನಿ ಪೈಪಿನೊಳಗಿಂದ ಬಂದಹಾಗಿದೆ" ಅಂತ ಹಾಡುಗಾರರು ದೂರುವುದು ಸುಮ್ನೆ ಅಲ್ಲ. ಮೈಕೂ ಡಿಜಿಟಲ್ ವೈರ್‌ಲೆಸ್ ಆಗಿ, ನಡುವೆ ಇನ್ನೊಂದು ಡಿಜಿಟಲ್ ಪೆಟ್ಟಿಗೆ ಸೇರಿದರೆ ತಡಗಳು ಕೂಡುತ್ತಾ ಹೋಗುತ್ತವೆ.

ಇದಕ್ಕಿಂತ ಮೋಸದ್ದು ಮಿಕ್ಸರಿನ ಒಳಗೇ ಆಗುತ್ತದೆ. ಸ್ನೇರ್ ಡ್ರಮ್ಮನ್ನು ನೇರವಾಗಿ ಒಂದು ದಾರಿಯಲ್ಲಿ, ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ ಹಾಕಿ ಇನ್ನೊಂದು ದಾರಿಯಲ್ಲಿ ಕಳಿಸಿ ಕೂಡಿಸುವುದುಂಟು. ಎರಡನೇ ದಾರಿ ಒಂದು ಮಿಲಿಸೆಕೆಂಡ್ ತಡವಾದರೆ 500 ಹರ್ಟ್ಸ್‌ನ ಸುತ್ತ ಸ್ನೇರ್ ಟೊಳ್ಳಾಗುತ್ತದೆ. ಜನ ಈಕ್ವಲೈಸರ್ ತಿರುಗಿಸಿ ತಿರುಗಿಸಿ ಸುಸ್ತಾಗುತ್ತಾರೆ. ಕೊನೆಗೆ 'ಡಿಜಿಟಲ್ ಅಂದರೆ ಹೀಗೇ' ಅಂದುಬಿಡುತ್ತಾರೆ. ಕಂಡುಹಿಡಿಯುವುದು ಸುಲಭ: ಕಂಪ್ರೆಸರ್ ಕೆಲಸ ಮಾಡದಂತೆ ಥ್ರೆಶೋಲ್ಡ್ (ಅದು ತಗ್ಗಿಸಲು ಶುರು ಮಾಡುವ ಮಟ್ಟ) ಮೇಲೇರಿಸಿ, ಎರಡೂ ದಾರಿಯ ಮಟ್ಟ ಒಂದೇ ಮಾಡಿ, ಒಂದರ ಪೊಲಾರಿಟಿ ತಿರುಗಿಸಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ. ಎರಡೂ ಒಟ್ಟಿಗೆ ಬರುತ್ತಿದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಚರಚರ ಸದ್ದು ಉಳಿದರೆ ತಡ ಇದೆ ಅಂತ ಲೆಕ್ಕ. ತಾನಾಗಿ ತಡ ಸರಿದೂಗಿಸುವ ಮಿಕ್ಸರುಗಳೂ ಇವೆ, ಆದರೆ ಎಲ್ಲವೂ ಅಲ್ಲ.

ಇನ್ನು ಕೈಗೆ ಸಂಬಂಧಿಸಿದ್ದು. ಅನಲಾಗಿನಲ್ಲಿ ಒಂದು ಕೆಲಸಕ್ಕೆ ಒಂದು ಗುಂಡಿ, ಎಲ್ಲ ಕಣ್ಣೆದುರೇ. ಡಿಜಿಟಲ್ಲಿನಲ್ಲಿ 16 ಫೇಡರ್ ಮೇಲೆ 32 ಚಾನೆಲ್ ಪದರ ಪದರವಾಗಿ ಕೂತಿರುತ್ತವೆ. ಬದಲಿಗೆ ಒಂದು ಗುಂಡಿ ಒತ್ತಿದರೆ ನಿನ್ನೆಯ ಸೆಟ್ಟಿಂಗ್ ಪೂರ್ತಿ ವಾಪಸ್ ಬರುತ್ತದೆ. ಹಲವು ತಂತಿಗಳನ್ನು ಸೇರಿಸಿದ ಬೆರಳುಗಾತ್ರದ ಮಲ್ಟಿಕೋರ್ ಕೇಬಲ್ ಬದಲು ತೆಳುವಾದ ನೆಟ್‌ವರ್ಕ್ ವೈರ್ ಸಾಕು. ಒಂದೇ ದಿನ ನಾಲ್ಕು ತಂಡಗಳ ಕಾರ್ಯಕ್ರಮ ಇದ್ದರೆ ನಾನಂತೂ ಡಿಜಿಟಲ್ ಅನ್ನೇ ಆರಿಸುತ್ತೇನೆ. ಎರಡು ಮೈಕಿನ ಭಾಷಣಕ್ಕೆ ಪುಟ್ಟ ಅನಲಾಗ್ ಮಿಕ್ಸರ್ ಸಾಕು, ಯಾರಾದರೂ ಅರ್ಧ ನಿಮಿಷದಲ್ಲಿ ಕಲಿಯುತ್ತಾರೆ. ಡಿಜಿಟಲ್ಲಿನಲ್ಲಿ ಕೆಲಸ ಮಾಡುವವರು ಮುಖ್ಯ ಗಾಯಕರ ಮೈಕನ್ನು ಪ್ರತಿ ಪದರದಲ್ಲೂ ಒಂದೇ ಜಾಗದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಫೀಡ್‌ಬ್ಯಾಕ್ ಕುಂಯ್ ಅಂದಾಗ ಪದರ ಹುಡುಕುತ್ತಾ ಕೂರುವ ಹೊತ್ತಿಗೆ ಇಡೀ ಸಭೆ ಕಿವಿ ಮುಚ್ಚಿಕೊಂಡಿರುತ್ತದೆ.