ಕಪ್ಪು ಪರದೆಯ ಹಿಂದೆ ಓಡುತ್ತಿರುವ ಲಿನಕ್ಸ್

ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕುತ್ತೀರಿ. ಇನ್‌ಸ್ಟಾಲ್ ಸಲೀಸಾಗಿ ಮುಗಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಕಂಪನಿಯ ಲೋಗೋ ಬರುತ್ತದೆ, ಆಮೇಲೆ ಪರದೆ ಕಪ್ಪು. ಎಷ್ಟೋ ಮಂದಿ ಅಲ್ಲಿಗೇ "ಮಷೀನ್ ಹೋಯ್ತು" ಎಂದು ಕೈಚೆಲ್ಲುತ್ತಾರೆ. ಆದರೆ ಸಾಮಾನ್ಯವಾಗಿ ಲಿನಕ್ಸ್ ಒಳಗೆ ಓಡುತ್ತಲೇ ಇರುತ್ತದೆ, ಚಿತ್ರ ಮಾತ್ರ ಪರದೆಗೆ ತಲುಪಿರುವುದಿಲ್ಲ.

ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಬದುಕಿದೆ. ಆಮೇಲೆ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಲಾಗಿನ್ ಪೆಟ್ಟಿಗೆ ಮಸುಕಾಗಿ ಕಂಡರೆ ಚಿತ್ರ ಬಂದಿದೆ, ಹಿಂಬದಿಯ ಬೆಳಕು ಮಾತ್ರ ಹತ್ತಿಲ್ಲ ಎಂದರ್ಥ. ಎಲ್‌ಸಿಡಿಯ ದ್ರವಸ್ಫಟಿಕಗಳು ತಾವಾಗಿ ಬೆಳಗುವುದಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಅಲ್ಲಲ್ಲಿ ತಡೆದು, ಅಲ್ಲಲ್ಲಿ ಬಿಟ್ಟು ಚಿತ್ರ ಮೂಡಿಸುತ್ತವೆ. ಹೀಗಾದಾಗ ಬ್ರೈಟ್‌ನೆಸ್ ಹೆಚ್ಚಿಸುವ ಕೀಲಿಯನ್ನು ನಾಲ್ಕಾರು ಬಾರಿ ಒತ್ತಿದರೇ ಕೆಲವೊಮ್ಮೆ ಸಾಕಾಗುತ್ತದೆ.

ಟಾರ್ಚಿನಲ್ಲೂ ಏನೂ ಕಾಣದಿದ್ದರೆ ಮೋಡ್ ಸೆಟ್ಟಿಂಗ್ ಕಡೆ ನೋಡಬೇಕು. ಪರದೆಯ ರೆಸಲ್ಯೂಶನ್ ಎಷ್ಟು, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗಬೇಕು ಎಂದು ಗೊತ್ತುಮಾಡುವ ಕೆಲಸವಿದು. ಮೊದಲು ಇದನ್ನು ಕಿಟಕಿ, ಚಿತ್ರಗಳನ್ನು ಪರದೆಗೆ ತರುವ ಎಕ್ಸ್ ಸರ್ವರ್ ಎಂಬ ಪ್ರೋಗ್ರಾಂ ಮಾಡುತ್ತಿತ್ತು. 2009ರಲ್ಲಿ ಬಂದ 2.6.29ನೇ ಆವೃತ್ತಿಯಲ್ಲಿ ಕರ್ನೆಲ್ಲೇ ಇದನ್ನು ವಹಿಸಿಕೊಂಡಿತು. ಇಂಟೆಲ್ ಗ್ರಾಫಿಕ್ಸ್ ಚಿಪ್‌ಗಳಿಂದ ಶುರುವಾಗಿ, ಮುಂದೆ ರೇಡಿಯಾನ್ ಮತ್ತು ಎನ್ವಿಡಿಯಾ ಚಿಪ್‌ಗಳಿಗೂ ಬಂತು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಬೂಟ್ ಆಗುವಾಗ ಪರದೆ ಪದೇಪದೇ ಮಿನುಗುವುದು ಕಡಿಮೆಯಾಯಿತು. ಆದರೆ ಮಷೀನನ್ನು ಮೊದಲು ಎಬ್ಬಿಸಿ ಲೋಗೋ ತೋರಿಸಿದ ಬಯೋಸ್‌ನಿಂದ ಪರದೆಯ ಹೊಣೆ ಕರ್ನೆಲ್‌ಗೆ ದಾಟುವ ಆ ಘಳಿಗೆಯಲ್ಲಿ, ಚಿಪ್ಪನ್ನು ನಡೆಸುವ ಡ್ರೈವರ್ ಹಳೆಯ ಚಿಪ್ಪನ್ನು ಸರಿಯಾಗಿ ಗುರುತಿಸದಿದ್ದರೆ ಎಲ್ಲ ಕತ್ತಲೆ.

ಲಿನಕ್ಸನ್ನು ಶುರುಮಾಡುವ ಗ್ರಬ್ ಎಂಬ ಪ್ರೋಗ್ರಾಂನ ಮೆನುವಿನಲ್ಲಿ ಇದಕ್ಕೆ ದಾರಿಯಿದೆ. ಉಬುಂಟು ಬಳಗದ ಲಿನಕ್ಸ್ ಆದರೆ, ಬಯೋಸ್ ಇರುವ ಹಳೆಯ ಮಷೀನು ಶುರುವಾಗುವಾಗ ಶಿಫ್ಟ್ ಒತ್ತಿ ಹಿಡಿದರೆ ಮೆನು ಬರುತ್ತದೆ. ಇಂಗ್ಲಿಷಿನ ‘ಇ’ (e) ಕೀಲಿ ಒತ್ತಿ. ‘ಲಿನಕ್ಸ್’ (linux) ಎಂದು ಶುರುವಾಗುವ ಉದ್ದ ಸಾಲಿನ ಕೊನೆಗೆ ಹೋಗಿ, ಒಂದು ಸ್ಪೇಸ್ ಬಿಟ್ಟು, ನೋಮೋಡ್‌ಸೆಟ್ (nomodeset) ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆದು ಎಫ್10 ಒತ್ತಿ. ಆಗ ಕರ್ನೆಲ್ ಪರದೆಯ ಮೋಡನ್ನು ತಾನು ಬದಲಿಸಲು ಹೋಗುವುದಿಲ್ಲ. ಬಯೋಸ್ ಕೊಟ್ಟ ಸರಳ ಮೋಡಿನಲ್ಲೇ ಮುಂದುವರಿಯುತ್ತದೆ. ಈ ತಿದ್ದುಪಡಿ ಆ ಒಂದು ಬೂಟ್‌ಗೆ ಮಾತ್ರ, ಹಾಗಾಗಿ ಧೈರ್ಯವಾಗಿ ಮಾಡಿ ನೋಡಬಹುದು.

ಆದರೆ ಇದನ್ನೇ ಕಾಯಂ ಮಾಡಿಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ. ಗ್ರಾಫಿಕ್ಸ್ ಚಿಪ್ ಸುಮ್ಮನೆ ಕೂತು, ವಿಡಿಯೋ ತೋರಿಸುವ ಭಾರವೆಲ್ಲ ಮೊದಲೇ ಬಡವಾದ ಪ್ರೊಸೆಸರ್ ಮೇಲೆ ಬೀಳುತ್ತದೆ. ಪರದೆ ಬಂದದ್ದೇ ಹಿಂದಿನ ಬೂಟ್‌ನಲ್ಲಿ ನಡೆದದ್ದರ ದಾಖಲೆಯಾದ ಲಾಗ್ ತೆರೆದು ಡ್ರೈವರ್ ಎಲ್ಲಿ ಎಡವಿತೆಂದು ನೋಡಿ. ರೇಡಿಯಾನ್ ಚಿಪ್ ಇದ್ದರೆ ಆ ಚಿಪ್ಪಿನೊಳಗೇ ಓಡಬೇಕಾದ ಪುಟ್ಟ ಪ್ರೋಗ್ರಾಂನ, ಅಂದರೆ ಫರ್ಮ್‌ವೇರ್‌ನ, ಫೈಲ್ ಸಿಗಲಿಲ್ಲ ಎಂಬ ಸಾಲು ಸಿಗಬಹುದು. ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್ ಇಂಥ ಫೈಲುಗಳನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಸೇರಿಸಿದ್ದೇ 2023ರ 12ನೇ ಆವೃತ್ತಿಯಲ್ಲಿ. ಆ ಫೈಲುಗಳಿರುವ ಪ್ಯಾಕೇಜ್ ಹಾಕಿಕೊಂಡರೆ ನೋಮೋಡ್‌ಸೆಟ್ ಬೇಕಾಗದೇ ಹೋಗಬಹುದು.

ಕೆಲವು ಹಳೆಯ ಇಂಟೆಲ್ ಲ್ಯಾಪ್‌ಟಾಪ್‌ಗಳ ಕಥೆ ಇನ್ನೂ ಸ್ವಾರಸ್ಯಕರ. ಆ ಚಿಪ್‌ಗಳಲ್ಲಿ ಟಿವಿಗೆ ಚಿತ್ರ ಕಳಿಸುವ ಎಸ್-ವಿಡಿಯೋ ಸೌಲಭ್ಯವಿತ್ತು. ಲ್ಯಾಪ್‌ಟಾಪ್‌ನಲ್ಲಿ ಅದರ ಕಿಂಡಿಯೇ ಇಲ್ಲದಿದ್ದರೂ ಡ್ರೈವರ್ ಅಲ್ಲೊಂದು ಟಿವಿ ಇದೆ ಎಂದುಕೊಂಡು, ಇಲ್ಲದ ಟಿವಿಗೆ ಲಾಗಿನ್ ಪೆಟ್ಟಿಗೆ ಕಳಿಸಿಬಿಡುತ್ತದೆ. ಇದಕ್ಕೆ ನೋಮೋಡ್‌ಸೆಟ್ ಬೇಕಿಲ್ಲ. ಆ ಒಂದು ಔಟ್‌ಪುಟ್ಟನ್ನು ಮುಚ್ಚುವಂತೆ ಗ್ರಬ್‌ನ ಅದೇ ಸಾಲಿನಲ್ಲಿ ಕರ್ನೆಲ್‌ಗೆ ತಿಳಿಸಿದರೆ, ಪೂರ್ತಿ ರೆಸಲ್ಯೂಶನ್ನಿನಲ್ಲಿ ಡೆಸ್ಕ್‌ಟಾಪ್ ಲ್ಯಾಪ್‌ಟಾಪ್‌ನ ಪರದೆಗೇ ಬರುತ್ತದೆ.