ಇಸಿಸಿ ಬಲ್ಲವರು ಎಸ್/4ಹಾನಾ ಕಾಲದಲ್ಲಿ ಮರಳಿ ಬರುವಾಗ

ಕಂಪನಿಗಳ ಲೆಕ್ಕ, ವ್ಯವಹಾರ ನಡೆಸುವ ಸಾಫ್ಟ್‌ವೇರ್ ಆದ ಸ್ಯಾಪ್‌ನಲ್ಲಿ ಫೈನಾನ್ಸ್ ಕನ್ಸಲ್ಟಂಟ್ ಆಗಿದ್ದು 2016ರ ಸುಮಾರಿಗೆ ಕೆಲಸ ಬಿಟ್ಟವರು, ಮರಳಬೇಕೆಂದಾಗ ಮೊದಲು ಕೋರ್ಸಿಗೆ ದುಡ್ಡು ಕಟ್ಟುತ್ತಾರೆ. ಕಂಪನಿ ಕೋಡ್, ಚಾರ್ಟ್ ಆಫ್ ಅಕೌಂಟ್ಸ್ ಎಂದು ಅಆಇಈಯಿಂದ ಶುರುಮಾಡುವ ಕೋರ್ಸು ಅವರಿಗೆ ಬೇಕಿಲ್ಲ. ಏನು ಬದಲಾಗಿದೆಯೋ ಅಷ್ಟನ್ನು ಕಲಿತರೆ ಸಾಕು. ಸ್ಯಾಪ್‌ನ ಹಳೆಯ ಸಿಸ್ಟಂ ಇಸಿಸಿ, ಅದರ ಜಾಗಕ್ಕೆ ಬಂದದ್ದು ಎಸ್/4ಹಾನಾ. ಇಸಿಸಿ 6.0ರ ಈಚಿನ ಆವೃತ್ತಿಗಳಿಗೂ ಸ್ಯಾಪ್‌ನ ಮಾಮೂಲಿ ಸಪೋರ್ಟ್ 2027ರ ಕೊನೆಗೆ ನಿಲ್ಲುತ್ತದೆ. ಹೆಚ್ಚು ಹಣ ತೆತ್ತರೆ 2030ರವರೆಗೆ. ಹಾಗಾಗಿ ಕೆಲಸ ಇರುವುದು ಹಳೆಯದರಿಂದ ಹೊಸದಕ್ಕೆ ಸಾಗುವ ಮೈಗ್ರೇಶನ್ನಿನಲ್ಲಿ. ಅಲ್ಲಿ ಹಳೆಯ ಸಿಸ್ಟಂ ಒಳಗಿಂದ ಬಲ್ಲವರಿಗೆ ಬೆಲೆಯಿದೆ.

ಫೈನಾನ್ಸಿನಲ್ಲಿ ಬದಲಾವಣೆಯ ತಿರುಳು ಅಕ್ಡೋಕಾ ಟೇಬಲ್. ಜನರಲ್ ಲೆಡ್ಜರ್, ಕಂಟ್ರೋಲಿಂಗ್, ಆಸ್ತಿ ಲೆಕ್ಕ ಎಲ್ಲದರ ಸಾಲುಗಳೂ ಈಗ ಅದರಲ್ಲೇ. ಕಾಸ್ಟ್ ಎಲಿಮೆಂಟಿಗೆ (ಖರ್ಚಿನ ಬಾಬು) ಕೆಎ01 ಎಂಬ ಸ್ಕ್ರೀನ್ ಕೋಡ್ ಈಗಿಲ್ಲ, ಎಫ್ಎಸ್00ದಲ್ಲೇ ಖಾತೆಯಾಗಿ ತೆರೆಯಬೇಕು. ಕ್ರೆಡಿಟ್ ಮಿತಿಯ ಎಫ್‌ಡಿ32 ಜಾಗಕ್ಕೆ ಯುಕೆಎಂ_ಬಿಪಿ ಬಂದಿದೆ. ಇವು ವಾರದ ಅಭ್ಯಾಸದಲ್ಲಿ ಕೈಗೆ ಹತ್ತುತ್ತವೆ.

ನಿಜವಾಗಿ ಬೆವರಿಳಿಸುವುದು ಬಿಸಿನೆಸ್ ಪಾರ್ಟ್ನರ್ (ಬಿಪಿ), ಅಂದರೆ ಗ್ರಾಹಕರಿಗೂ ವೆಂಡರ್‌ಗಳಿಗೂ ಈಗಿರುವ ಒಂದೇ ಬಗೆಯ ದಾಖಲೆ. ಗ್ರಾಹಕ, ವೆಂಡರ್ ತೆರೆಯುತ್ತಿದ್ದ ಹಳೆಯ ಕೋಡ್ ಎಕ್ಸ್‌ಡಿ01, ಎಕ್ಸ್‌ಕೆ01 ಒತ್ತಿದರೆ ಈಗ ಬಿಪಿ ತೆರೆಯುತ್ತದೆ. ಸಿಸ್ಟಂ ಕನ್ವರ್ಶನ್ನಿಗೆ ಮೊದಲೇ ಹಳೆಯ ಗ್ರಾಹಕರು, ವೆಂಡರ್‌ಗಳೆಲ್ಲ ಬಿಪಿ ಆಗಿರಬೇಕು. ಅವರನ್ನು ಬಿಪಿಯಾಗಿಸುವ ಸಿಂಕ್ ಓಡಿಸಿದಾಗ ಪಿನ್‌ಕೋಡ್ ಇಲ್ಲದ ವಿಳಾಸ, ತಪ್ಪು ರೂಪದ ಇಮೇಲ್, ಅಂಕೆ ತಪ್ಪಿದ ತೆರಿಗೆ ಸಂಖ್ಯೆ ಒಂದೊಂದಾಗಿ ತಡೆಯುತ್ತವೆ. ಹದಿನೈದು ವರ್ಷದ ಕಸ ಒಟ್ಟಿಗೆ ಮೇಲೇಳುವ ಹೊತ್ತು ಅದು. ಇನ್ನೊಂದು ತೊಡಕು: ಒಂದೇ ಪಾರ್ಟಿ ಗ್ರಾಹಕನೂ ವೆಂಡರೂ ಆಗಿದ್ದರೆ ಒಂದೇ ಬಿಪಿ, ಎರಡು ರೋಲ್ (ಎಫ್ಎಲ್‌ಸಿಯು00, ಎಫ್ಎಲ್‌ವಿಎನ್00) ಮಾಡಬೇಕೇ, ಎರಡು ಬಿಪಿ ಇಡಬೇಕೇ? ಜೊತೆಗೆ, ಗ್ರಾಹಕ 100234 ಮತ್ತು ವೆಂಡರ್ 100234 ಬೇರೆಬೇರೆ ಪಾರ್ಟಿಗಳಾಗಿದ್ದರೆ, ಇಬ್ಬರಿಗೂ ಅದೇ ಬಿಪಿ ಸಂಖ್ಯೆ ಕೊಡಲಾಗದು. ಯಾರಿಗೆ ಯಾವ ಸಂಖ್ಯೆ ಎಂಬ ನಂಬರ್ ರೇಂಜ್ ತೀರ್ಮಾನ ಸಿಂಕ್‌ಗಿಂತ ಮುಂಚೆ ಬರಹದಲ್ಲಿ ಆಗಲಿ. ಲೆಕ್ಕಪತ್ರ ವಿಭಾಗದವರು ಆಮೇಲೆ ನೋಡೋಣ ಎಂದರೆ ಒಪ್ಪಬೇಡಿ.

ಕಂಪನಿಗಳು ತಾವೇ ಬರೆಸಿಕೊಂಡ ಝಡ್ ರಿಪೋರ್ಟುಗಳದ್ದು ಬೇರೆ ಕಥೆ. ಬಿಎಸ್ಐಡಿಯಂಥ ಹಳೆಯ ಟೇಬಲ್‌ಗಳು ಈಗ ವ್ಯೂಗಳಾಗಿವೆ, ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಹಳೆಯ ಡೇಟಾಬೇಸ್ ಸಾಮಾನ್ಯವಾಗಿ ಪ್ರೈಮರಿ ಕೀ ಕ್ರಮದಲ್ಲೇ ಸಾಲು ಕೊಡುತ್ತಿತ್ತು, ಎಸ್/4ರ ಡೇಟಾಬೇಸ್ ಹಾನಾದಲ್ಲಿ ಆ ಭರವಸೆ ಇಲ್ಲ. ಆರ್ಡರ್ ಬೈ (ಸಾಲು ಜೋಡಿಸುವ ಆದೇಶ) ಹಾಕದೆ ಓದಿ, ಸಾಲುಗಳು ಕ್ರಮದಲ್ಲಿವೆ ಎಂದು ನಂಬಿ ಬೈನರಿ ಸರ್ಚ್ ಮಾಡುವ ಪ್ರೋಗ್ರಾಂ ಡಂಪ್ ಕೂಡ ಆಗುವುದಿಲ್ಲ, ಅಂದರೆ ದೋಷ ತೋರಿ ನಿಲ್ಲುವುದಿಲ್ಲ. ತಣ್ಣಗೆ ತಪ್ಪು ಮೊತ್ತ ತೋರಿಸುತ್ತದೆ. ಕೋಡ್ ತಿದ್ದುವುದು ಸ್ಯಾಪ್‌ನ ಪ್ರೋಗ್ರಾಂ ಭಾಷೆ ಅಬಾಪ್‌ನವರ ಕೆಲಸ, ಆದರೆ ಮೊತ್ತ ತಪ್ಪೆಂದು ಹಿಡಿಯಬೇಕಾದವರು ನೀವು.

ಬಿಡುವಿನ ನಡುವೆ ಬಂದ ಇನ್ನೊಂದು ದೊಡ್ಡ ಬದಲಾವಣೆ ಜಿಎಸ್‌ಟಿ, 2017ರ ಜುಲೈ 1. ಸಿಐಎನ್ (ಭಾರತದ ತೆರಿಗೆಗಾಗಿ ಸ್ಯಾಪ್‌ನಲ್ಲಿದ್ದ ಭಾಗ), ಎಕ್ಸೈಸ್ ಇನ್‌ವಾಯ್ಸ್ ಜ್ಞಾನ ಹಳೆಯ ದಾಖಲೆ ಓದಲಷ್ಟೇ ಉಪಯೋಗ. ಎಸ್/4ರಲ್ಲಿ ತೆರಿಗೆ ಲೆಕ್ಕದ ಹಳೆಯ ವಿಧಾನ ಟ್ಯಾಕ್ಸ್‌ಐಎನ್‌ಜೆ ನಡೆಯುವುದಿಲ್ಲ, ಟ್ಯಾಕ್ಸ್‌ಐಎನ್ಎನ್‌ಗೆ ಬರಲೇಬೇಕು. ಜೆಐಸಿಜಿ, ಜೆಐಎಸ್‌ಜಿ, ಜೆಐಐಜಿ ಎಂಬ ಕಂಡಿಶನ್‌ಗಳನ್ನು (ಕೇಂದ್ರ, ರಾಜ್ಯ, ಅಂತರರಾಜ್ಯ ಜಿಎಸ್‌ಟಿಯ ಲೆಕ್ಕದ ಸಾಲುಗಳು) ಕೈಯಾರೆ ಕಟ್ಟಿ ನೋಡಿ. 2023ರ ಆಗಸ್ಟ್‌ನಿಂದ ವರ್ಷದ ವಹಿವಾಟು 5 ಕೋಟಿ ಮೀರಿದ ಕಂಪನಿಗಳಿಗೆ ಇ-ಇನ್‌ವಾಯ್ಸ್ ಇದೆ. 10 ಕೋಟಿ ಮತ್ತು ಮೇಲಿನವರು 30 ದಿನದೊಳಗೆ ಪೋರ್ಟಲಿಗೆ ಹಾಕದಿದ್ದರೆ ಐಆರ್‌ಎನ್ (ಇನ್‌ವಾಯ್ಸಿನ ನೋಂದಣಿ ಸಂಖ್ಯೆ) ಸಿಗುವುದಿಲ್ಲ. ಬಿಲ್ ಬ್ಯಾಕ್‌ಡೇಟ್ ಮಾಡುವ ಹಳೆಯ ಅಭ್ಯಾಸ ಇಲ್ಲಿ ಎಡವುತ್ತದೆ.

ಅಭ್ಯಾಸಕ್ಕೆ ಸ್ಯಾಪ್‌ನ ಕ್ಲೌಡ್ ಅಪ್ಲಯನ್ಸ್ ಲೈಬ್ರರಿಯಲ್ಲಿ 30 ದಿನದ ಟ್ರಯಲ್ ಸಿಸ್ಟಂ ಸಿಗುತ್ತದೆ. ಲೈಸೆನ್ಸ್ ಪುಕ್ಕಟೆ, ಕ್ಲೌಡ್ ಬಾಡಿಗೆ ನಿಮ್ಮದು. ರಾತ್ರಿ ನಿಲ್ಲಿಸದೆ ಮಲಗಿದರೆ ಬಿಲ್ ಓಡುತ್ತಲೇ ಇರುತ್ತದೆ.

ರೆಸ್ಯೂಮೆಯಲ್ಲಿ ಬಿಡುವಿನ ವರ್ಷಗಳನ್ನು ಮುಚ್ಚಿಡುವುದಕ್ಕೆ ಹೆಣಗಬೇಡಿ. ‘ಎಸ್/4 ಗೊತ್ತು’ ಎಂದಷ್ಟೇ ಬರೆದರೆ ಎರಡನೇ ಸುತ್ತಿನಲ್ಲಿ ಸಿಕ್ಕಿಬೀಳುತ್ತೀರಿ. ಮೈಗ್ರೇಶನ್ ಮುಂಚೆ ಆಸ್ತಿ ಲೆಕ್ಕವನ್ನು ಜನರಲ್ ಲೆಡ್ಜರ್ ಜೊತೆ ಹೇಗೆ ತಾಳೆ ನೋಡುತ್ತೀರಿ, ಸವಕಳಿ ಪೋಸ್ಟ್ ಆಗದೆ ಉಳಿದರೆ ಏನಾಗುತ್ತದೆ ಎಂದು ಕೇಳುತ್ತಾರೆ. ಈ ಉತ್ತರ ಹೊಸ ಕೋರ್ಸು ಮುಗಿಸಿದ ಹುಡುಗರಲ್ಲಿ ಇರುವುದಿಲ್ಲ. ಮೊದಲ ಕೆಲಸಕ್ಕೆ ಆರ್ಕಿಟೆಕ್ಟ್ ಹುದ್ದೆಯ ಬದಲು ಡೇಟಾ ಮೈಗ್ರೇಶನ್, ರಿಕನ್ಸಿಲಿಯೇಶನ್ ತಂಡ ಕೇಳಿ. ಎರಡು ಮಾಕ್ ರನ್ (ಮೈಗ್ರೇಶನ್ನಿನ ತಾಲೀಮು) ಕಣ್ಣಾರೆ ನೋಡಿದ ಮೇಲೆ ದರದ ಮಾತು ಆಡಿ.