ಟ್ರ್ಯಾಕ್ ಕಾಪಿ ಮಾಡಿದರೆ ಗಿಟಾರ್ ಅಗಲ ಆಗುತ್ತಾ?

ಪ್ರಶ್ನೆ: ಸರ್, ಮನೆಯಲ್ಲಿ ಒಂದೇ ಮೈಕ್ ಇಟ್ಟು ಅಕೌಸ್ಟಿಕ್ ಗಿಟಾರ್ ರೆಕಾರ್ಡ್ ಮಾಡ್ತೇನೆ. ಹಾಡುಗಳಲ್ಲಿ ಕೇಳುವ ಹಾಗೆ ಎರಡೂ ಕಿವಿ ತುಂಬುವುದಿಲ್ಲ. ನಡುವೆ ತೆಳ್ಳಗೆ ಕೂತಿರುತ್ತದೆ. ಟ್ರ್ಯಾಕ್ ಕಾಪಿ ಮಾಡಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿದೆ. ಜೋರಾಯಿತು, ಆದರೆ ಏನೋ ಸರಿ ಇಲ್ಲ. ಪ್ಲಗಿನ್ ಯಾವುದು ಹಾಕಲಿ? (ಕುಮಟಾದಿಂದ ಒಬ್ಬ ಓದುಗರು)

ಪ್ಲಗಿನ್ (ಸಾಫ್ಟ್‌ವೇರ್‌ಗೆ ಸೇರಿಸುವ ಶಬ್ದ ಬದಲಿಸುವ ಸಲಕರಣೆ) ಬೇಡ. ಅದೇ ಭಾಗವನ್ನು ಇನ್ನೊಂದು ಸಲ ನುಡಿಸಿ ರೆಕಾರ್ಡ್ ಮಾಡಿ. ಮೊದಲನೆಯದು ಎಡಕ್ಕೆ, ಎರಡನೆಯದು ಬಲಕ್ಕೆ. ಮುಗಿಯಿತು.

ನಿಜಕ್ಕೂ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಈ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಶಿರಸಿಯಲ್ಲಿ ನನ್ನ ಹತ್ತಿರ ಕಲಿಯುವ ಹುಡುಗರೇ ತಲೆ ಆಡಿಸಿ ಹೋಗುತ್ತಾರೆ, ಮುಂದಿನ ವಾರ ಮತ್ತೆ ಕಾಪಿ ಮಾಡಿದ ಟ್ರ್ಯಾಕನ್ನೇ ತರುತ್ತಾರೆ. ಹಾಗಾಗಿ ಇವತ್ತು ಈ ಕಾಪಿ ವಿಷಯವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ನಮ್ಮ ಕಿವಿ ಒಂದು ಶಬ್ದ ಅಗಲವಾಗಿದೆ ಎಂದು ಹೇಗೆ ತಿಳಿಯುತ್ತದೆ? ಎಡಗಿವಿಗೂ ಬಲಗಿವಿಗೂ ಬರುವುದರಲ್ಲಿ ವ್ಯತ್ಯಾಸ ಇದ್ದರೆ ಮಾತ್ರ. ಎರಡು ಸ್ಪೀಕರ್‌ನಿಂದ ಥೇಟ್ ಒಂದೇ ಶಬ್ದ ಬಂದರೆ ಮೆದುಳು ಅದನ್ನು ಒಂದೇ ಗಿಟಾರ್ ಎಂದು ಲೆಕ್ಕ ಹಾಕಿ ಸರಿಯಾಗಿ ನಡುವೆ ಕೂರಿಸುತ್ತದೆ. ಕಾಪಿ ಎಂದರೆ ಥೇಟ್ ಅದೇ ಅಲ್ವಾ? ಎಡಕ್ಕೆ ಬಲಕ್ಕೆ ಎಷ್ಟು ಎಳೆದರೂ ಅದು ಮೋನೋ, ಅಂದರೆ ಎರಡೂ ಕಡೆ ಒಂದೇ ಶಬ್ದ, ಆಗಿಯೇ ಉಳಿಯುತ್ತದೆ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಸುಮಾರು 3 ಡೆಸಿಬೆಲ್ ಜೋರಾಗುತ್ತದೆ, ಅಷ್ಟೇ. ಜನ ಮೋಸ ಹೋಗುವುದು ಇಲ್ಲಿಯೇ. ಜೋರಾದದ್ದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಫೇಡರ್ (ಶಬ್ದ ಏರಿಸುವ ಪಟ್ಟಿ) ಮೇಲಕ್ಕೆ ತಳ್ಳಿದ್ದರೂ ಅದೇ ಖುಷಿ ಸಿಗುತ್ತಿತ್ತು.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಎರಡೂ ಕಾಪಿಗಳನ್ನು ನಡುವೆ ತಂದು ಒಂದರ ಪೋಲಾರಿಟಿ ತಿರುಗಿಸಿ, ಅಂದರೆ ಅದರ ಶಬ್ದದ ಅಲೆಯನ್ನು ತಲೆಕೆಳಗು ಮಾಡಿ. ಕೆಲವು ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಫೇಸ್ ಬಟನ್ ಅಂತಲೂ ಹೆಸರಿದೆ. ಪ್ಲೇ ಒತ್ತಿದರೆ ಏನೂ ಕೇಳುವುದಿಲ್ಲ. ಒಂದು ಇನ್ನೊಂದನ್ನು ಪೂರ್ತಿ ಅಳಿಸಿ ಹಾಕಿರುತ್ತದೆ. ಎರಡರ ನಡುವೆ ಚೂರು ವ್ಯತ್ಯಾಸ ಇದ್ದಿದ್ದರೆ ಆ ಚೂರಾದರೂ ಕೇಳಬೇಕಿತ್ತು. ಎರಡು ಸಲ ನುಡಿಸಿದ ಟ್ರ್ಯಾಕ್‌ಗಳಿಗೆ ಇದನ್ನೇ ಮಾಡಿ, ಗಿಟಾರ್ ಅಳಿಯುವುದೇ ಇಲ್ಲ.

ಇಷ್ಟು ತೋರಿಸಿದ ಮೇಲೆ ಬುದ್ಧಿವಂತರು ಎರಡನೇ ಬಾಣ ತೆಗೆಯುತ್ತಾರೆ: ‘ಕಾಪಿಯನ್ನು 15 ಮಿಲಿಸೆಕೆಂಡ್ ಹಿಂದಕ್ಕೆ ಸರಿಸಿದರೆ?’ ಹೌದು, ಹೆಡ್‌ಫೋನ್‌ನಲ್ಲಿ ಅಗಲ ಆದ ಹಾಗೆ ಕೇಳುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಅವರ ಹೆಸರಲ್ಲೇ ಹಾಸ್ ಪರಿಣಾಮ ಎನ್ನುತ್ತಾರೆ. ಆದರೆ ಅವರು ಹೇಳಿದ ಮುಖ್ಯ ವಿಷಯವನ್ನೇ ಜನ ಬಿಟ್ಟುಬಿಡುತ್ತಾರೆ. ಮೊದಲು ಬಂದ ಶಬ್ದದ ಕಡೆಗೆ ಕಿವಿ ವಾಲುತ್ತದೆ. ಅಂದರೆ ಗಿಟಾರ್ ಒಂದು ಬದಿಗೆ ಜಾರುತ್ತದೆ. ಅದಕ್ಕಿಂತ ಕೆಟ್ಟದ್ದು ಮೋನೋದಲ್ಲಿ ಕೇಳಿದಾಗ ಆಗುತ್ತದೆ. 15 ಮಿಲಿಸೆಕೆಂಡ್ ಅಂತರದ ಎರಡು ಕಾಪಿ ಒಂದಾದರೆ ಸುಮಾರು 33, 100, 167 ಹರ್ಟ್ಜ್ ಹೀಗೆ ಮೇಲಿನವರೆಗೂ ಸಾಲಾಗಿ ಶಬ್ದದಲ್ಲಿ ತೂತು ಬೀಳುತ್ತದೆ. ಗಿಟಾರ್ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ. ಮೋನೋದಲ್ಲಿ ಯಾರು ಕೇಳ್ತಾರೆ ಅನ್ನಬೇಡಿ. ಒಂದೇ ಸ್ಪೀಕರ್ ಇರುವ ಫೋನ್, ಅಂಗಡಿಯ ಬ್ಲೂಟೂತ್ ಡಬ್ಬ, ಊರ ಕಾರ್ಯಕ್ರಮದ ಸೌಂಡ್ ಸಿಸ್ಟಮ್, ಎಲ್ಲ ಮೋನೋ. ನಿಮ್ಮ ಹಾಡು ಮೊದಲು ಮುಟ್ಟುವುದೇ ಅಲ್ಲಿಗೆ.

ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ 1966ರಲ್ಲಿ ಕೆನ್ ಟೌನ್ಸೆಂಡ್ ಎಂಬ ಎಂಜಿನಿಯರ್ ಬೀಟಲ್ಸ್ ತಂಡಕ್ಕಾಗಿ ಒಂದು ಉಪಾಯ ಮಾಡಿದರು. ಒಂದೇ ಸಾಲನ್ನು ಎರಡೆರಡು ಸಲ ಹಾಡಿ ತಂಡದವರಿಗೆ ಬೇಜಾರಾಗಿತ್ತು. ಹಾಡಿದ್ದನ್ನೇ ಇನ್ನೊಂದು ಟೇಪ್ ಯಂತ್ರದಲ್ಲಿ ಓಡಿಸಿ, ಅದರ ವೇಗವನ್ನು ಚೂರು ಚೂರು ಏರುಪೇರು ಮಾಡಿ ಮೊದಲಿನದಕ್ಕೆ ಸೇರಿಸಿದರು. ನೋಡಿ, ಅಂಥ ಸ್ಟುಡಿಯೋದವರೂ ಕಾಪಿಯನ್ನು ಹಾಗೆ ಹಾಗೆಯೇ ಬಳಸಲಿಲ್ಲ. ಮನುಷ್ಯನ ಏರುಪೇರನ್ನು ಯಂತ್ರದಿಂದ ತರಲು ಇಷ್ಟು ಒದ್ದಾಡಿದರು. ನಿಮಗೆ ಅದು ಪುಕ್ಕಟೆ ಸಿಗುತ್ತದೆ, ಇನ್ನೊಂದು ಸಲ ನುಡಿಸಿದರೆ ಸಾಕು.

ನಮ್ಮ ಜಿಲ್ಲೆಯವರಿಗಂತೂ ಇದು ಹೊಸದಾಗಬಾರದು. ಹಿಂದೂಸ್ತಾನಿ ಬೈಠಕ್‌ಗಳಲ್ಲಿ ಹಾಡುವವರ ಹಿಂದೆ ಆಚೆ ಈಚೆ ಎರಡು ತಂಬೂರಿ ಕೂತಿರುತ್ತವೆ. ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿರುತ್ತಾರೆ, ಆದರೆ ಇಬ್ಬರ ಬೆರಳು ಒಂದೇ ಗಳಿಗೆಗೆ ಬೀಳುವುದಿಲ್ಲ. ಸಭೆ ತುಂಬುವುದು ಅದರಿಂದಲೇ.

ಇನ್ನು ನುಡಿಸುವ ವಿಷಯ. ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ನುಡಿಸಿ. ಎರಡನೇ ಸಲ ನುಡಿಸುವಾಗ ಮೊದಲನೆಯದನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಿರಿ. ಹೂಬೇಹೂಬು ಆಗಲೇಬೇಕು ಎಂದು ಹಟ ಬೇಡ. ಸ್ಟ್ರಮ್ ನಿಲ್ಲುವ ಜಾಗ ಮಾತ್ರ ಒಂದೇ ಇರಲಿ. ಇನ್ನೂ ಅಗಲ ಬೇಕಾ? ಎರಡನೇ ಸಲಕ್ಕೆ ಕಾಪೋ (ಎಲ್ಲ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಮೊದಲು ಓಪನ್ ಜಿ ಕಾರ್ಡ್ ಹಿಡಿದಿದ್ದರೆ, ಎರಡನೇ ಸಲ 5ನೇ ಫ್ರೆಟ್‌ಗೆ ಕಾಪೋ ಹಾಕಿ ಡಿ ಆಕಾರ ಹಿಡಿಯಿರಿ. ಕಾರ್ಡ್ ಅದೇ ಜಿ, ಆದರೆ ತಂತಿಗಳ ಜೋಡಣೆ ಬೇರೆ. ನನಗೆ ಎಲ್ಲಕ್ಕಿಂತ ಇಷ್ಟದ ವಿಧಾನ ಇದು. ಮೈಕನ್ನು 12ನೇ ಫ್ರೆಟ್ ಕಡೆಗೆ ತಿರುಗಿಸಿ ಒಂದು ಗೇಣು ದೂರ ಇಡಿ. ಸೌಂಡ್ ಹೋಲ್ ಎದುರು ಇಟ್ಟರೆ 100 ಹರ್ಟ್ಜ್ ಆಸುಪಾಸಿನ ಗುಂಯ್ ಎನ್ನುವ ಶಬ್ದವೇ ಜಾಸ್ತಿ ಬರುತ್ತದೆ. ಮಿಕ್ಸ್‌ನಲ್ಲಿ 80 ಹರ್ಟ್ಜ್ ಕೆಳಗೆ ಕತ್ತರಿಸಿ. ಸ್ಟಾಂಡರ್ಡ್ ಟ್ಯೂನಿಂಗ್‌ನಲ್ಲಿ ಕೆಳಗಿನ ಇ ತಂತಿಯೇ 82 ಹರ್ಟ್ಜ್, ಅದರ ಕೆಳಗೆ ಇರುವುದು ಫ್ಯಾನ್ ಗಾಳಿ ಮತ್ತು ಕಾಲು ಕುಟ್ಟುವ ಸದ್ದು. ಒಂಟಿ ಗಿಟಾರಿನ ಫಿಂಗರ್‌ಸ್ಟೈಲ್ (ಬೆರಳಿನಿಂದ ತಂತಿ ಮೀಟಿ ನುಡಿಸುವುದು) ಆದರೆ ಎರಡು ಸಲ ನುಡಿಸುವುದು ಒಗ್ಗುವುದಿಲ್ಲ, ಅದಕ್ಕೆ ಎರಡು ಮೈಕ್ ಬೇಕು. ಅದರ ಬಗ್ಗೆ ಇನ್ನೊಮ್ಮೆ.

ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಮಳೆಗಾಲದಲ್ಲಿ ಬರುವ ರೆಕಾರ್ಡಿಂಗ್ ಕೇಳಿದರೆ ಅರ್ಧ ದೂರು ಗಿಟಾರಿನ ಮೇಲೆಯೇ ಹಾಕಬೇಕು ಅನಿಸುತ್ತದೆ. ಗಿಟಾರ್ ಮಾಡುವವರು ಗಾಳಿಯಲ್ಲಿ ತೇವ ಶೇಕಡಾ 45ರಿಂದ 55 ಇರಲಿ ಎನ್ನುತ್ತಾರೆ. ಕರಾವಳಿಯ ಜುಲೈಗೆ ಅದನ್ನು ಹೇಳಿ ನೋಡಿ. ಮರ ನೀರು ಕುಡಿದು ಉಬ್ಬುತ್ತದೆ, ತಂತಿ ಫ್ರೆಟ್‌ನಿಂದ ಮೇಲೆದ್ದು ಬೆರಳು ನೋಯುತ್ತದೆ, ಧ್ವನಿ ಮಂಕಾಗುತ್ತದೆ. ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಅಂಥ ತಂತಿಯಲ್ಲಿ ಎರಡು ಸಲ ನುಡಿಸಿದರೆ ಎರಡು ಮಂಕು ಗಿಟಾರ್ ಸಿಗುತ್ತವೆ. ಈಕ್ಯೂನಲ್ಲಿ (ಶಬ್ದದ ಮೇಲಿನ, ಕೆಳಗಿನ ಭಾಗ ಹೆಚ್ಚು ಕಡಿಮೆ ಮಾಡುವ ಸಲಕರಣೆ) ಮೇಲಿನ ಭಾಗ ಎತ್ತಿದರೆ ಹೊಳಪಿಗಿಂತ ಮೊದಲು ಹೆಂಚಿನ ಮೇಲಿನ ಮಳೆ ಸದ್ದು ಎದ್ದು ಬರುತ್ತದೆ.

ಗೋಡೆಗೆ ನೇತು ಹಾಕಬೇಡಿ, ಕೇಸ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ಪೊಟ್ಟಣ ಬದಲಿಸಿ. ನುಡಿಸಿದ ಮೇಲೆ ತಂತಿಯ ಮೇಲೂ ಕೆಳಗೂ ಒಣಬಟ್ಟೆಯಲ್ಲಿ ಒರೆಸಿ. ತೇವ ಹೋಗಲಿ ಎಂದು ಬಚ್ಚಲ ಒಲೆಯ ಹತ್ತಿರ ಮಾತ್ರ ಇಡಬೇಡಿ ತಮಾ, ಬಿಸಿಗೆ ಅಂಟು ಬಿಟ್ಟು ಬ್ರಿಡ್ಜ್ ಎದ್ದು ಬರುತ್ತದೆ. ರೆಕಾರ್ಡಿಂಗ್ ಹಿಂದಿನ ದಿನ ಹೊಸ ತಂತಿ ಹಾಕಿ, ಎಳೆದು ಎಳೆದು ಶ್ರುತಿ ನಿಲ್ಲುವವರೆಗೆ ನುಡಿಸಿ. ಮೈಕ್ ಆನ್ ಮಾಡುವುದು ಅದರ ಮರುದಿನ.